ಬೀಗರ ಮುಂದೆ ಒಂಟಿಕಾಲಿನ ಈಜು

ಈಜುಕೊಳದಲ್ಲಿ ಸುಳ್ಳು ಹೇಳುವುದು ಎಷ್ಟು ಸುಲಭ ಎಂಬುದು ನನಗೆ ಅರವತ್ತೊಂಬತ್ತನೆಯ ವಯಸ್ಸಿನಲ್ಲಿ ಗೊತ್ತಾಯಿತು. ಅದಕ್ಕೆ ಬಾಯಿ ತೆರೆಯಬೇಕಾಗಿಯೂ ಇಲ್ಲ. ಎರಡು ಕೈಗಳನ್ನು ಒಂದಾದ ಮೇಲೊಂದು ತಿರುಗಿಸುತ್ತಾ, ಎಡಗಾಲಿನಿಂದ ನೀರು ಚಿಮ್ಮಿಸುತ್ತಾ, ಬಲಗಾಲಿನ ಹೆಬ್ಬೆರಳನ್ನು ಮಾತ್ರ ಮೆಲ್ಲಗೆ ನೆಲಕ್ಕೆ ಒತ್ತಿ ಒತ್ತಿ ಮುಂದೆ ಸಾಗಬೇಕು. ನಾಲ್ಕಡಿ ನೀರಿನಲ್ಲಿ ಇದು ಚೆನ್ನಾಗಿ ನಡೆಯುತ್ತದೆ. ಮೇಲಿನಿಂದ ನೋಡುವವರಿಗೆ ಒಬ್ಬ ಮುದುಕ ಫ್ರೀಸ್ಟೈಲ್ ಈಜುತ್ತಿದ್ದಾನೆ ಎಂದು ಕಾಣುತ್ತದೆ. ಕೆಳಗೆ ಅದೇ ಮುದುಕ ಕುಂಟಾಬಿಲ್ಲೆ ಆಡುತ್ತಿರುತ್ತಾನೆ.

ಒಂದಿಡೀ ಬೇಸಿಗೆ ನಾನು ಹೀಗೆ ಈಜಿದೆ. ಬರೀ ಅಷ್ಟೇ ಆಗಿದ್ದರೆ ಬರೆದು ಒಪ್ಪಿಕೊಳ್ಳುವ ಅಗತ್ಯವಿರಲಿಲ್ಲ. ನನ್ನ ಕಾಲು, ಕಾಲಿಗೆ ಸಿಕ್ಕ ನೆಲ. ಆದರೆ ನನ್ನ ಈಜನ್ನು ನಂಬಿ ಇನ್ನೊಬ್ಬರು ನೀರಿಗಿಳಿದರು. ಅವರು ನನ್ನ ಬೀಗರು, ಮಗಳ ಮಾವ.

ಮೊದಲು ನನ್ನ ವಿಷಯ ಹೇಳಿಬಿಡುತ್ತೇನೆ. ನಾನು ಓದಿದ್ದು ಎಸ್ಸೆಸ್ಸೆಲ್ಸಿವರೆಗೆ. ಆಮೇಲೆ ಜಯನಗರದಲ್ಲಿ ಸ್ಟೀಲ್ ಪಾತ್ರೆ ಅಂಗಡಿ. ಈಗ ಅದನ್ನು ತಮ್ಮನ ಮಗ ನೋಡಿಕೊಳ್ಳುತ್ತಾನೆ. ಗಿರಾಕಿ ಏನು ಕೇಳಿದರೂ ‘ಗೊತ್ತಿಲ್ಲ’ ಅನ್ನಬಾರದು ಎಂಬುದು ಅಂಗಡಿಯಲ್ಲಿ ನಾನು ಕಲಿತ ಮೊದಲ ಪಾಠ. ಈ ಡಬರಿಯಲ್ಲಿ ಎಷ್ಟು ಜನಕ್ಕೆ ಅನ್ನ ಆಗುತ್ತೆ ಎಂದರೆ ತಟ್ಟನೆ ಒಂದು ಲೆಕ್ಕ ಹೇಳಬೇಕು. ತಳ ಹಿಡಿಯುತ್ತಾ ಎಂದರೆ ‘ಹಿಡಿಯೋದೇ ಇಲ್ಲ ಅಕ್ಕ, ನಮ್ಮನೇಲೂ ಇದೇ ಇರೋದು’ ಅನ್ನಬೇಕು. ನಮ್ಮ ಮನೆಯಲ್ಲಿ ಇದ್ದದ್ದು ಹೆಂಡತಿ ತವರಿನಿಂದ ತಂದ ಹಿತ್ತಾಳೆ ಪಾತ್ರೆಗಳು. ಆ ಅಭ್ಯಾಸ ಅಂಗಡಿ ಬಿಟ್ಟ ಮೇಲೂ ನನ್ನನ್ನು ಬಿಡಲಿಲ್ಲ.

ಬೆಳಿಗ್ಗೆ ನಮ್ಮ ಬ್ಲಾಕಿನ ಪಾರ್ಕಿನಲ್ಲಿ ಪ್ರಾಣಾಯಾಮ ಮಾಡುವ ಗುಂಪೊಂದಿದೆ. ಎಲ್ಲರೂ ನಿವೃತ್ತರು. ಮೊದಲು ಹಿಂದೆ ಕೂರುತ್ತಿದ್ದ ನಾನು ಯಾರೂ ಹೇಳದೆಯೇ ಮುಂದಕ್ಕೆ ಬಂದು ಕೂತು ಎಣಿಸತೊಡಗಿದೆ. ಉಸಿರನ್ನು ಒಳಗೆಳೆದು ತಡೆದು ಹಿಡಿಯುವ ಕುಂಭಕದಲ್ಲಿ ನನ್ನನ್ನು ಮೀರಿಸುವವರು ಅಲ್ಲಿ ಇರಲಿಲ್ಲ. ಉಳಿದವರೆಲ್ಲ ಬಿಟ್ಟು, ಕೆಮ್ಮಿ, ಹಾಲಿನ ಬೆಲೆ ಮಾತಾಡಲು ಶುರು ಮಾಡಿದ ಮೇಲೂ ನಾನು ಕಣ್ಣು ಮುಚ್ಚಿ ಕೂತಿರುತ್ತಿದ್ದೆ. ‘ಇವರು ಇದ್ದಾರಾ, ಹೋದ್ರಾ?’ ಎಂದು ಯಾರೋ ಕೇಳುವುದು ಕಿವಿಗೆ ಬೀಳುತ್ತಿತ್ತು. ಅದು ಹೊಗಳಿಕೆ ಎಂದೇ ನಾನು ತಿಳಿದಿದ್ದೆ.

ಅಂಗಡಿಯಲ್ಲಿ ನಿಂತು ನಿಂತು ಸವೆದ ಸೊಂಟಕ್ಕೆ ಡಾಕ್ಟರು ಈಜು ಹೇಳಿದಾಗ ಹೆಂಡತಿ ನಕ್ಕಳು. ‘ರೀ, ಲಾಲ್‌ಬಾಗ್ ಕೆರೆ ಪಕ್ಕ ನಡೆಯೋವಾಗ ನೀವು ಒಳಗಡೆ, ನಾನು ನೀರಿನ ಕಡೆ. ಮರೆತ್ರಾ?’ ಮರೆತಿರಲಿಲ್ಲ. ಆದರೂ ಜೆ.ಪಿ. ನಗರದ ಒಂದು ಈಜುಕೊಳಕ್ಕೆ ಸೇರಿಕೊಂಡೆ. ತಲೆಯ ಮೇಲೆ ನಾಲ್ಕು ಕೂದಲಿಲ್ಲದಿದ್ದರೂ ರಬ್ಬರ್ ಟೋಪಿ ಕಡ್ಡಾಯ ಎಂದರು. ಹಾಕಿಕೊಂಡು ಕನ್ನಡಿ ನೋಡಿದರೆ ಸುಲಿದ ಮೊಟ್ಟೆಗೆ ಮತ್ತೆ ಸಿಪ್ಪೆ ಹಾಕಿದ ಹಾಗಿತ್ತು.

ಕಲಿಸುವವರು ಮೂವತ್ತರ ಆಸುಪಾಸಿನ ಹೆಣ್ಣುಮಗಳು. ಕೊರಳಲ್ಲಿ ವಿಷಲ್, ದನಿಯಲ್ಲಿ ಇನ್ನೊಂದು. ಮೊದಲ ದಿನ ಕಂಬಿ ಹಿಡಿದು ಮುಖ ಮುಳುಗಿಸಿ ನೀರೊಳಗೆ ಗುಳ್ಳೆ ಬಿಡಿ ಎಂದರು. ನನಗೆ ಅವಮಾನವಾಯಿತು. ಉಸಿರಿನ ವಿಷಯದಲ್ಲಿ ನನಗೆ ಪಾಠವೇ? ಎದೆ ತುಂಬ ಉಸಿರೆಳೆದು ಮುಳುಗಿ ಹಾಗೇ ಇದ್ದುಬಿಟ್ಟೆ. ಸ್ವಲ್ಪ ಹೊತ್ತಾದ ಮೇಲೆ ಯಾರೋ ಟೋಪಿಯ ಮೇಲೆ ತಟ್ಟಿದರು.

‘ಅಂಕಲ್, ಮನೇಲಿದ್ದೀರಾ?’

‘ನೋಡಿದ್ರಾ ಮೇಡಂ, ಎಷ್ಟು ಹೊತ್ತು ಹಿಡಿದೆ?’

‘ಹಿಡಿಯೋಕೆ ಹೇಳಲಿಲ್ಲ ಅಂಕಲ್, ಬಿಡೋಕೆ ಹೇಳಿದೆ. ಬಸ್ಸಲ್ಲಿ ಇಳಿಯೋರು ಇಳೀದೆ ಹತ್ತೋರು ಹೆಂಗೆ ಹತ್ತೋದು?’

ನಾನು ಕೇಳಲಿಲ್ಲ. ಎದೆ ತುಂಬಿಸಿಕೊಂಡು ಹೊರಟರೆ ಅರ್ಧ ಅಗಲಕ್ಕೆ ಬರುವಷ್ಟರಲ್ಲಿ ಒಳಗಿನ ಹಳೆಯ ಉಸಿರು ಸುಡತೊಡಗುತ್ತಿತ್ತು. ಆಗ ಹಲ್ಲಿಯ ಹಾಗೆ ತಲೆ ಎತ್ತುತ್ತಿದ್ದೆ. ತಲೆ ಎತ್ತಿದ ತಕ್ಷಣ ಕಾಲು ಇಳಿಯುತ್ತಿತ್ತು. ಹೀಗೆ ಇಳಿದ ಕಾಲಿಗೆ ಒಂದು ದಿನ ನೆಲ ಸಿಕ್ಕಿತು. ಸಿಕ್ಕಿದ್ದನ್ನು ನಾನು ಬಿಡಲಿಲ್ಲ. ಅಂದಿನಿಂದ ಆ ಕಡೆಯ ಗೋಡೆ ಈ ಕಡೆಯ ಗೋಡೆ ಸಲೀಸಾಗಿ ಮುಟ್ಟತೊಡಗಿದೆ.

ಕಲಿಸುವವರ ಕಣ್ಣಿಗೆ ಇದು ಬೀಳದೆ ಇರಲಿಲ್ಲ. ದಿನಾ ಒಂದು ಮಾತು ಎಸೆಯುತ್ತಿದ್ದರು. ‘ಅಂಕಲ್, ಬಲಗಾಲು ಎದ್ದಿದ್ಯಾ ಇವತ್ತು, ಇನ್ನೂ ಮಲಗಿದ್ಯಾ?’ ನಾನು ನಕ್ಕು ಮುಂದೆ ಹೋಗುತ್ತಿದ್ದೆ. ಅವರಿಗೆ ಮಕ್ಕಳ ಬ್ಯಾಚು ನೋಡಿಕೊಳ್ಳುವುದೇ ಸಾಕಾಗಿತ್ತು.

ಮನೆಯಲ್ಲಿ ಹೆಂಡತಿ ನನ್ನ ಹೆಬ್ಬೆರಳಿಗೆ ಕೊಬ್ಬರಿ ಎಣ್ಣೆ ಹಚ್ಚುತ್ತಾ ಹೇಳಿದಳು: ‘ಈಜೋರಿಗೆ ಭುಜ ನೋಯುತ್ತೆ ಅಂತ ಕೇಳಿದ್ದೆ. ನಿಮಗೆ ಹೆಬ್ಬೆರಳು ಸವೀತಾ ಇದೆಯಲ್ಲ.’

‘ಗೋಡೆ ಒದ್ದು ಹೊರಡಬೇಕು, ಅದಕ್ಕೆ’ ಎಂದೆ.

‘ಒಂದೇ ಕಾಲಲ್ಲಾ?’

ನಾನು ಕಾಲು ಹಿಂದಕ್ಕೆ ಎಳೆದುಕೊಂಡೆ.

ಇನ್ನು ಬೀಗರ ವಿಷಯ. ಅವರ ಮನೆ ಬನಶಂಕರಿಯಲ್ಲಿ. ಸರ್ಕಾರಿ ಕಚೇರಿಯಲ್ಲಿ ಕೆಲಸ ಮಾಡಿ ನಿವೃತ್ತರಾದವರು. ಹೇಳಿದ್ದನ್ನು ಹೇಳಿದ ಹಾಗೆ ಮಾಡುವ ಮನುಷ್ಯ. ಮಾತ್ರೆಯನ್ನು ಊಟದ ನಂತರ ತೆಗೆದುಕೊಳ್ಳಿ ಎಂದರೆ, ಕೈ ತೊಳೆಯುವ ಮೊದಲೋ ತೊಳೆದ ಮೇಲೋ ಎಂದು ಡಾಕ್ಟರಿಗೆ ಫೋನ್ ಮಾಡಿ ಕೇಳುವವರು. ಮಕ್ಕಳ ಮದುವೆಯಾಗಿ ಎಷ್ಟೋ ವರ್ಷಗಳಾಗಿದ್ದರೂ ನಮ್ಮಿಬ್ಬರ ನಡುವೆ ಮದುವೆಮನೆಯ ಜಮಖಾನ ಇನ್ನೂ ಸುತ್ತಿಟ್ಟಿರಲಿಲ್ಲ. ಅವರು ಬರುತ್ತಾರೆಂದರೆ ನಾನು ಬನಿಯನ್ನಿನ ಮೇಲೆ ಶರ್ಟು ಹಾಕಿಕೊಳ್ಳುತ್ತಿದ್ದೆ. ನಾನು ಹೋದರೆ ಅವರು ಟಿವಿ ಆರಿಸಿ ಎದ್ದು ನಿಲ್ಲುತ್ತಿದ್ದರು. ಬಾಗಿಲಲ್ಲಿ ‘ನೀವು ಮೊದಲು’, ‘ಛೆ, ನೀವು ಮೊದಲು’ ಎಂದು ಇಬ್ಬರೂ ಹೊರಗೇ ನಿಂತಿರುತ್ತಿದ್ದೆವು. ಒಮ್ಮೆ ಅವರ ಮನೆ ಬೆಕ್ಕು ನಮ್ಮಿಬ್ಬರ ನಡುವೆ ನುಗ್ಗಿ ಮೊದಲು ಒಳಗೆ ಹೋಯಿತು.

ಅವರಿಗೆ ಮಂಡಿನೋವು. ನಡೆಯಬೇಡಿ, ನೀರಿನಲ್ಲಿ ವ್ಯಾಯಾಮ ಮಾಡಿ ಎಂದು ಡಾಕ್ಟರು ಹೇಳಿದ್ದರು. ಹುಟ್ಟಿದಾಗಿನಿಂದ ಬಕೆಟ್ಟಿಗಿಂತ ದೊಡ್ಡ ನೀರಿಗೆ ಅವರು ಇಳಿದವರಲ್ಲ. ಒಂದು ಭಾನುವಾರ ಅವರ ಮನೆಯಲ್ಲಿ ಊಟಕ್ಕೆ ಕೂತಾಗ ಈ ಮಾತು ಬಂತು.

‘ಭಯ ಯಾಕೆ ಬೀಗರೇ? ನಾನೇ ಕಲಿತೆನಲ್ಲ. ಈಗ ಆ ಕಡೆಯಿಂದ ಈ ಕಡೆ ಸಲೀಸು’ ಎಂದೆ.

ಎದುರಿಗೆ ಕೂತಿದ್ದ ನನ್ನ ಹೆಂಡತಿ ಹಪ್ಪಳ ಮುರಿಯುವುದನ್ನು ನಿಲ್ಲಿಸಿದಳು. ಬೀಗಿತಿ ಇನ್ನೊಂದು ಸೌಟು ಬಿಸಿಬೇಳೆಬಾತ್ ಬಡಿಸಿದರು. ಮಗಳು ಸಂತೋಷದಿಂದ, ‘ಮಾವ, ಅಪ್ಪನ ಜೊತೆ ಹೋಗಿ. ಅಪ್ಪ ಇದ್ರೆ ನಮಗೂ ಧೈರ್ಯ’ ಎಂದಳು. ಆ ಮಾತು ಕೇಳಿ ನನ್ನ ಎದೆ ಕುಂಭಕವಿಲ್ಲದೆಯೇ ಉಬ್ಬಿತು.

ಬೀಗರನ್ನು ಚಡ್ಡಿಯಲ್ಲಿ ನೋಡುವುದಕ್ಕೆ ನಮ್ಮ ಹಿರಿಯರು ಯಾವ ಶಿಷ್ಟಾಚಾರವನ್ನೂ ಹೇಳಿಕೊಟ್ಟಿಲ್ಲ. ಮೊದಲ ದಿನ ಇಬ್ಬರೂ ಎದೆಯ ಮೇಲೆ ಟವೆಲ್ ಹೊದ್ದು, ಒಬ್ಬರ ಮುಖ ಒಬ್ಬರು ನೋಡದೆ, ಕಬ್ಬಿಣದ ಏಣಿಯ ಹತ್ತಿರ ಬಂದೆವು.

‘ನೀವು ಮೊದಲು ಬೀಗರೇ.’

‘ಎಲ್ಲಾದರೂ ಉಂಟೇ, ನೀವು ಹಳಬರು. ನೀವು ಇಳೀರಿ.’

‘ನೀವು ಗಂಡಿನ ಕಡೆಯವರು.’

ವಿಷಲ್ ಕೂಗಿತು. ‘ಅಂಕಲ್, ಇಬ್ಬರಲ್ಲಿ ಯಾರಾದ್ರೂ ಒಬ್ರು ಇಳೀರಿ. ಹಿಂದೆ ಮಕ್ಕಳು ನಡುಗ್ತಾ ನಿಂತಿದ್ದಾರೆ.’

ಬೀಗರು ಗುಳ್ಳೆ ಬಿಡುವುದನ್ನು ಆಫೀಸಿನ ಕೆಲಸದ ಹಾಗೆ ಮಾಡಿದರು. ಬಿಡಿ ಎಂದರೆ ಬಿಟ್ಟರು, ಸಾಕು ಎನ್ನುವವರೆಗೆ ಬಿಟ್ಟರು. ತೇಲಿ ಎಂದರೆ ತೇಲಿದರು. ಹಲಗೆ ಹಿಡಿದು ಕಾಲು ಬಡಿಯುವುದು ಕಲಿತರು. ನೀರಿನಿಂದ ಎದ್ದಾಗ ಅವರ ಮುಖದಲ್ಲಿ ಒಂದು ಹುಡುಗಾಟದ ಕಳೆ ಬರುತ್ತಿತ್ತು. ‘ಬೀಗರೇ, ನೀರಲ್ಲಿ ಮಂಡಿ ಇದೆ ಅನ್ನೋದೇ ಮರೆತುಹೋಗುತ್ತೆ’ ಎಂದು ಒಂದು ದಿನ ಹೇಳಿದರು. ಅವರು ಮುಂದೆ ಬರುತ್ತಿದ್ದರು, ನಾನು ಅದೇ ಹೆಬ್ಬೆರಳಿನ ಮೇಲೆ ನಿಂತಿದ್ದೆ. ನನಗೆ ಸಣ್ಣದಾಗಿ ಉರಿಯತೊಡಗಿದ್ದು ನಿಜ.

ಒಂದು ಶನಿವಾರ ಕಲಿಸುವವರು ಆಚೆ ಮೂಲೆಯಲ್ಲಿ ಮಕ್ಕಳ ಜೊತೆಗಿದ್ದರು. ಬೀಗರು ನನ್ನ ಹತ್ತಿರ ಬಂದು ವಿನಯದಿಂದ ಕೇಳಿದರು: ‘ನಿಮ್ಮನ್ನ ಗಮನಿಸ್ತಾ ಇದ್ದೀನಿ ಬೀಗರೇ. ನೀವು ಉಸಿರು ಯಾವಾಗ ತಗೊಳ್ತೀರಿ ಅನ್ನೋದೇ ಗೊತ್ತಾಗಲ್ಲ. ನನಗೆ ತಲೆ ತಿರುಗಿಸೋದ್ರಲ್ಲಿ ಎಡವಟ್ಟಾಗ್ತಿದೆ.’

ಗೊತ್ತಿಲ್ಲ ಅನ್ನಬಹುದಿತ್ತು. ಮೇಡಮ್ಮನ್ನು ಕೇಳಿ ಅನ್ನಬಹುದಿತ್ತು. ನನ್ನೊಳಗಿನ ಅಂಗಡಿಯವನು ಬಾಗಿಲು ತೆರೆದ.

‘ತಗೊಳ್ಳೋದೇ ಇಲ್ಲ. ಕುಂಭಕ. ಎದೆ ತುಂಬ ತುಂಬಿಸಿಕೊಂಡು ಹೊರಟುಬಿಡಿ. ಗುಳ್ಳೆ ಗಿಳ್ಳೆ ಎಲ್ಲ ಮಕ್ಕಳಿಗೆ.’

‘ಉದ್ದಕ್ಕೆ ಹೋಗಬಹುದಾ?’

ಉದ್ದಕ್ಕೆ ಎಂದರೆ ಅರ್ಧ ದಾರಿಯ ನಂತರ ನೆಲ ಜಾರಿ ಇಳಿಯುತ್ತದೆ, ನೀರು ಆಳವಾಗುತ್ತದೆ. ನಾನು ಯಾವಾಗಲೂ ಅಡ್ಡಕ್ಕೇ ಹೋಗುತ್ತಿದ್ದವನು. ಆ ಇಳಿಜಾರು ಎಲ್ಲಿ ಶುರುವಾಗುತ್ತದೆ ಎಂಬುದು ನನ್ನ ಬಲಗಾಲಿಗೆ ಚೆನ್ನಾಗಿ ಗೊತ್ತಿತ್ತು. ಆದರೆ ಬೀಗರ ಮುಂದೆ ಅಡ್ಡದ ಮಾತಾಡುವುದು ಹೇಗೆ?

‘ಓಹೋ, ಹೋಗಬಹುದು. ನೀವು ಮುಂದೆ ಹೋಗಿ. ಬೀಗರು ಮುಂದಿರಬೇಕು, ನಾನು ಹಿಂದೆ ಇರ್ತೀನಿ.’

ಆ ದಿನ ಅವರು ‘ನೀವು ಮೊದಲು’ ಎಂದು ವಾದಿಸಲಿಲ್ಲ. ಹೇಳಿದ್ದನ್ನು ಹೇಳಿದ ಹಾಗೆ ಮಾಡಿದರು. ಎದೆ ತುಂಬ ಉಸಿರು ಹಿಡಿದು ಮುಖ ಮುಳುಗಿಸಿ ಹೊರಟರು. ಹಿಂದೆ ನಾನು, ಕುಂಟುತ್ತಾ. ಚೆನ್ನಾಗಿಯೇ ಹೋದರು. ಇಳಿಜಾರು ದಾಟಿದ ಮೇಲೆ ಅವರ ಕೈ ಅವಸರ ಮಾಡತೊಡಗಿತು. ತಲೆ ಎತ್ತಿದರು. ಕಾಲು ಕೆಳಗೆ ಹೋಯಿತು, ನೆಲ ಹುಡುಕಿತು, ಸಿಗಲಿಲ್ಲ. ಬಾಯಿ ತೆರೆದರು. ಬಾಯಿಗೆ ನೀರು ಹೋಯಿತು.

ನಾನು ಎರಡು ಮಾರು ಹಿಂದೆ ಇದ್ದೆ. ನನ್ನ ಬಲಗಾಲು ನೆಲದ ಮೇಲೆ ಇತ್ತು. ಇನ್ನೊಂದು ಹೆಜ್ಜೆಗೆ ನೆಲವಿರಲಿಲ್ಲ. ನಾನು ನಿಂತೇ ಇದ್ದೆ.

ದಂಡೆಯ ಮೇಲಿದ್ದ ಕಾವಲಿನವರು ಉದ್ದನೆಯ ಕೋಲು ಚಾಚಿದರು, ಕಲಿಸುವವರು ಹಾರಿಕೊಂಡು ಬಂದರು. ಉಸಿರು ಕಟ್ಟುವಷ್ಟರಲ್ಲಿ ಬೀಗರು ದಂಡೆ ಮುಟ್ಟಿದ್ದರು. ಕೆಮ್ಮಿದರು, ಒಂದಿಷ್ಟು ನೀರು ಕಕ್ಕಿದರು. ಬೆಂಚಿನ ಮೇಲೆ ಟವೆಲ್ ಹೊದ್ದು ಕೂತರು. ಏನೂ ಆಗಿರಲಿಲ್ಲ. ಎಲ್ಲರೂ ಏನೂ ಆಗಿಲ್ಲ ಎಂದೇ ಹೇಳಿದರು. ನಾನು ಅವರ ಕನ್ನಡಕ ಹಿಡಿದು ಪಕ್ಕದಲ್ಲಿ ನಿಂತಿದ್ದೆ.

ನನ್ನ ಸ್ಕೂಟರಿನಲ್ಲಿ ಅವರನ್ನು ಮನೆಗೆ ಕರೆದುಕೊಂಡು ಹೋಗುವಾಗ ಬನಶಂಕರಿ ಸಿಗ್ನಲ್ಲಿನಲ್ಲಿ ಕೆಂಪು ದೀಪ ಬಿತ್ತು. ಹಿಂದಿನಿಂದ ಬೀಗರು ನನ್ನ ಹೆಲ್ಮೆಟ್ಟಿನ ಹತ್ತಿರ ಬಾಗಿ ಮೆಲ್ಲಗೆ ಹೇಳಿದರು:

‘ತಪ್ಪು ನಂದೇ ಬೀಗರೇ. ನೀವು ಹೇಳಿದ ಹಾಗೆ ಕುಂಭಕ ಸರಿಯಾಗಿ ಹಿಡೀಲಿಲ್ಲ ಅನ್ಸುತ್ತೆ.’

ದೇವರು ಒಬ್ಬ ಮನುಷ್ಯನಿಗೆ ಸತ್ಯ ಹೇಳಲು ಇದಕ್ಕಿಂತ ಉದ್ದದ ಸಿಗ್ನಲ್ ಕೊಡಲಾರ. ನಾನು ಏನು ಹೇಳಿದೆ ಗೊತ್ತೇ?

‘ಅಭ್ಯಾಸ ಬೇಕು ಬೀಗರೇ’ ಎಂದೆ.

ಅವರು ಈಜುಕೊಳಕ್ಕೆ ಬರುವುದು ನಿಂತಿತು. ನನಗೆ ಒಳಗೊಳಗೇ ಸಮಾಧಾನವಾಯಿತು ಎಂಬುದನ್ನೂ ಬರೆಯಬೇಕು. ಆದರೆ ಮಗಳ ಫೋನು ಬರತೊಡಗಿತು.

‘ಅಪ್ಪ, ಮಾವ ತಲೆಗೆ ನೀರು ಹಾಕ್ಕೊಳ್ಳೋಕೇ ಹೆದರ್ತಾರೆ. ಬಟ್ಟೇಲಿ ಒರೆಸ್ಕೊಳ್ತಾರಂತೆ.’

ಇನ್ನೊಂದು ದಿನ: ‘ಮಂಡಿ ಜಾಸ್ತಿ ಆಗಿದೆ. ದೇವರ ಮನೆ ಹೊಸ್ತಿಲು ದಾಟೋಕೂ ಗೋಡೆ ಹಿಡೀತಾರೆ.’

ಆಮೇಲೆ ಬಂದ ಫೋನು ನನ್ನ ನಿದ್ದೆ ಕೆಡಿಸಿತು. ‘ಅಪ್ಪ, ನೀನೇ ಬಂದು ಹೇಳು. ದಿನಾ ಬೆಳಿಗ್ಗೆ ಸೋಫಾ ಮೇಲೆ ಮೂಗು ಹಿಡ್ಕೊಂಡು ಕೂತಿರ್ತಾರೆ. ಮುಖ ಕೆಂಪಗಾಗೋವರೆಗೂ ಬಿಡಲ್ಲ. ಅತ್ತೆ ಬೈದ್ರೆ, ಬೀಗರು ಅಭ್ಯಾಸ ಬೇಕು ಅಂದಿದ್ದಾರೆ ಅಂತಾರೆ.’

ಫೋನ್ ಇಟ್ಟು ಅಡುಗೆಮನೆಗೆ ಹೋದೆ. ಹೆಂಡತಿ ಬೀನ್ಸ್ ನಾರು ತೆಗೆಯುತ್ತಿದ್ದಳು. ಅವಳಿಗೆ ಎಲ್ಲವನ್ನೂ ಹೇಳಿದೆ. ಹೆಬ್ಬೆರಳಿನಿಂದ ಸಿಗ್ನಲ್ಲಿನವರೆಗೆ. ಅವಳು ಬೀನ್ಸ್ ಮುಗಿಸಿದ ಮೇಲೆ ಮಾತಾಡಿದಳು.

‘ಹೆಬ್ಬೆರಳು ನೋಡಿದ್ದು ನಾನು. ಬಾಯಿ ಬಿಟ್ಟು ಕೇಳಬೇಕಾಗಿತ್ತು’ ಎಂದಳು. ಬೈದಿದ್ದರೆ ಚೆನ್ನಾಗಿತ್ತು.

ಮಾರನೆಯ ದಿನ ಕಲಿಸುವವರ ಬಳಿ ಹೋಗಿ, ‘ಮೇಡಂ, ಮೊದಲಿನಿಂದ ಹೇಳಿಕೊಡಿ. ಗುಳ್ಳೆಯಿಂದ’ ಎಂದೆ. ಅವರು ಒಂದು ಕ್ಷಣ ನನ್ನ ಮುಖ ನೋಡಿ, ‘ಬಲಗಾಲಿಗೆ ರಜೆ ಕೊಡೋಣ ಬನ್ನಿ’ ಎಂದರು. ನೆಲ ಸಿಗದ ಕಡೆ ಕಂಬಿ ಹಿಡಿಸಿ ನಿಲ್ಲಿಸಿದರು. ನಿಲ್ಲಿಸಿದರು ಎನ್ನುವುದು ತಪ್ಪು, ಅಲ್ಲಿ ನಿಲ್ಲುವುದಕ್ಕೆ ಏನೂ ಇಲ್ಲ. ನನ್ನ ಬಲಗಾಲು ಕೆಲಸ ಕಳೆದುಕೊಂಡವನ ಹಾಗೆ ನೀರಿನಲ್ಲಿ ಅತ್ತಿತ್ತ ಅಲೆಯಿತು.

ಗುಳ್ಳೆ ಬಿಡುವುದು ಬರಲೇ ಇಲ್ಲ. ಮುಖ ನೀರಿಗೆ ತಗುಲಿದ ಕೂಡಲೆ ಗಂಟಲು ತಾನಾಗಿ ಬೀಗ ಹಾಕಿಕೊಳ್ಳುತ್ತಿತ್ತು. ಇಷ್ಟು ವರ್ಷ ತಡೆಯುವುದನ್ನೇ ಸಾಧನೆ ಎಂದುಕೊಂಡವನಿಗೆ ಬಿಡುವುದು ಹೇಗೆ ಗೊತ್ತಿರಬೇಕು? ಅವರು ಬೇಸತ್ತು, ‘ಊದಬೇಡಿ ಅಂಕಲ್, ಸುಮ್ನೆ ಒಳಗೇ ಹಾಡು ಗುನುಗಿ’ ಎಂದರು. ಹಾಡು ನೆನಪಾಗಲಿಲ್ಲ. ಪಾರ್ಕಿನಲ್ಲಿ ಕೊನೆಗೆ ಮಾಡುವ ಭ್ರಾಮರಿ ನೆನಪಾಯಿತು. ಬಾಯಿ ಮುಚ್ಚಿ ದುಂಬಿಯ ಹಾಗೆ ಮ್ ಎನ್ನುತ್ತಾ ಮೂಗಿನಿಂದ ನಿಧಾನವಾಗಿ ಉಸಿರು ಬಿಡುವುದು. ಅದನ್ನು ನಾನು ಯಾವಾಗಲೂ ಅವಸರದಲ್ಲಿ ಮುಗಿಸುತ್ತಿದ್ದೆ, ಅದರಲ್ಲಿ ಗೆಲ್ಲುವುದು ಏನೂ ಇರಲಿಲ್ಲವಲ್ಲ. ನೀರೊಳಗೆ ಮುಖವಿಟ್ಟು ಮ್ ಎಂದೆ. ಕೆನ್ನೆಯ ಪಕ್ಕದಿಂದ ಗುಳ್ಳೆಗಳು ಸಾಲಾಗಿ ಮೇಲಕ್ಕೆ ಹೋದವು. ಉಸಿರು ಮುಗಿದ ಮೇಲೆ ಕೆನ್ನೆ ಹೊರಳಿಸಿದರೆ ಹೊಸದು ತಾನೇ ಒಳಗೆ ಬಂತು. ಬಸ್ಸು ಖಾಲಿಯಾಗಿತ್ತು.

ಅಂದು ಎಲ್ಲವನ್ನೂ ಕಲಿತುಬಿಟ್ಟೆ ಎಂದು ಯಾರೂ ತಿಳಿಯಬಾರದು. ಈಗಲೂ ಕಲಿತಿಲ್ಲ. ‘ತಲೆ ಎತ್ತಬೇಡಿ, ಹೊರಳಿಸಿ. ಒಂದು ಕಣ್ಣು ನೀರಲ್ಲಿರಲಿ, ಒಂದು ಹೊರಗಿರಲಿ.’ ನಾನು ಎರಡನ್ನೂ ಹೊರಗಿಡುತ್ತಿದ್ದೆ. ‘ಮಂಡಿಯಿಂದ ಸೈಕಲ್ ತುಳೀಬೇಡಿ, ಸೊಂಟದಿಂದ ಒದೀರಿ.’ ನನ್ನ ಸೊಂಟ ಅದಕ್ಕೆ ಒಪ್ಪಿಗೆ ಕೊಡಲು ಸಮಯ ತೆಗೆದುಕೊಂಡಿತು. ಕೈ ಚಾಚುವುದು ಮಾತ್ರ ಬೇಗ ಬಂತು. ಅಂಗಡಿಯ ಮೇಲಿನ ಅಟ್ಟದಲ್ಲಿ ಒಳಗೆ ಸರಿದ ಡಬ್ಬಿಯನ್ನು ತೆಗೆಯಬೇಕಾದರೆ ಎರಡೂ ಭುಜ ಸಮ ಇಟ್ಟುಕೊಂಡರೆ ಎಟುಕುವುದಿಲ್ಲ. ಒಂದು ಪಕ್ಕೆ ಪೂರ್ತಿ ಮೇಲಕ್ಕೆ ಎಳೆಯಬೇಕು, ಇನ್ನೊಂದು ಕೆಳಗಿಳಿಯಬೇಕು. ನೀರಿನಲ್ಲಿ ಮಲಗಿಕೊಂಡು ಪ್ರತಿ ಕೈಗೂ ಒಂದು ಡಬ್ಬಿ ತೆಗೆಯುತ್ತಾ ಹೋದೆ. ಮೈ ತಾನಾಗಿ ಹೊರಳಿತು, ಬಾಯಿ ತಾನಾಗಿ ಗಾಳಿಯ ಕಡೆಗೆ ಬಂತು.

ಅಡ್ಡಕ್ಕೆ ಅರ್ಧ ದೂರ ಕಾಲು ಊರದೆ ಹೋಗುವಂತಾದಾಗ ಮನೆಗೆ ಬಂದು ಹೆಂಡತಿಗೆ ಹೇಳಿದೆ: ‘ಇನ್ನು ಸ್ವಲ್ಪ ದಿನ. ಪೂರ್ತಿ ಬಂದ ಮೇಲೆ ಬೀಗರ ಹತ್ತಿರ ಹೋಗಿ ಎಲ್ಲ ಹೇಳಿಬಿಡ್ತೀನಿ.’

ಅವಳು ಕಾಫಿ ಲೋಟ ಕೆಳಗಿಟ್ಟಳು. ‘ಕಲಿತ ಮೇಲೆ ಹೇಳಿದ್ರೆ ಅದು ತಪ್ಪೊಪ್ಪಿಕೊಂಡ ಹಾಗಲ್ಲ ರೀ. ಜಂಬ. ಮೊದಲು ಹೇಳಿ ಬನ್ನಿ. ಅಷ್ಟರೊಳಗೆ ಅವರು ಸೋಫಾ ಮೇಲೇ ಮುಳುಗಿಹೋದ್ರೆ ಏನ್ ಮಾಡ್ತೀರಿ?’

ಅದೇ ಸಂಜೆ ಬನಶಂಕರಿಗೆ ಹೋದೆ. ಬಾಗಿಲಲ್ಲಿ ‘ನೀವು ಮೊದಲು’ ಎನ್ನುವುದಕ್ಕೂ ಯಾರೂ ಇರಲಿಲ್ಲ, ಬೀಗರು ಒಳಗೆ ಸೋಫಾದ ಮೇಲೆ ಮೂಗು ಹಿಡಿದು ಕೂತಿದ್ದರು. ಬೆಳಿಗ್ಗೆಯದು ಸಾಲದೆ ಸಂಜೆಯೂ ಶುರು ಮಾಡಿದ್ದರು. ನನ್ನನ್ನು ಕಂಡು ಕಣ್ಣಿನಲ್ಲೇ ಕೂರಿ ಎಂದರು. ಉಸಿರು ಬಿಡುವವರೆಗೆ ಕಾಯಬೇಕಿತ್ತು. ಕಾದರೆ ಮನಸ್ಸು ಬದಲಾಗುತ್ತದೆ ಎಂಬ ಭಯಕ್ಕೆ ಅವರು ಮೂಗು ಹಿಡಿದಿದ್ದಾಗಲೇ ಹೇಳತೊಡಗಿದೆ.

‘ಬೀಗರೇ, ನನಗೆ ಈಜು ಬರಲ್ಲ. ಬೇಸಿಗೆಯೆಲ್ಲ ಒಂದು ಕಾಲು ನೆಲದ ಮೇಲಿಟ್ಟು ಕುಂಟ್ತಾ ಇದ್ದೆ. ಕುಂಭಕ ಅಂದದ್ದು ಸುಳ್ಳು. ನೀರಲ್ಲಿ ಉಸಿರು ಹಿಡಿಯಬಾರದಂತೆ. ನೀವು ಮೊದಲು ಗುಳ್ಳೆ ಬಿಡ್ತಾ ಇದ್ದದ್ದೇ ಸರಿ. ನಾನು ಅದನ್ನ ಕೆಡಿಸಿದೆ.’

ಅವರು ಮೂಗಿನಿಂದ ಕೈ ತೆಗೆದರು. ಉಸಿರು ದೊಡ್ಡದಾಗಿ ಹೊರಗೆ ಬಂತು.

‘ಯಾವ ಕಾಲು?’

‘ಬಲಗಾಲು.’

‘ಅಂದ್ರೆ ನಾನು ಮುಳುಗ್ತಾ ಇದ್ದಾಗ ನೀವು ನಿಂತಿದ್ರಿ.’

‘ನಿಂತಿದ್ದೆ.’

‘ಹಿಂದೆ ಇರ್ತೀನಿ ಅಂದಿದ್ರಿ.’

‘ಇನ್ನೊಂದು ಹೆಜ್ಜೆಗೆ ನೆಲ ಇರಲಿಲ್ಲ ಬೀಗರೇ.’

ಇದಕ್ಕೆ ಅವರು ನಗಲಿಲ್ಲ. ಬೈಯಲೂ ಇಲ್ಲ. ಬೀಗಿತಿ ಕಾಫಿ ತಂದಿಟ್ಟು ಇಬ್ಬರ ಮುಖ ನೋಡಿ ಒಳಗೆ ಹೋದರು. ‘ಕಾಫಿ ಆರುತ್ತೆ, ಕುಡೀರಿ’ ಎಂದರು ಬೀಗರು. ಕುಡಿದೆ. ಹೊರಟಾಗ ಅವರು ಎದ್ದು ನಿಲ್ಲಲಿಲ್ಲ. ಮಂಡಿ ನೋವಿಗೋ, ನನಗೋ, ಕೇಳುವ ಧೈರ್ಯ ನನಗಿರಲಿಲ್ಲ. ಮೆಟ್ಟಿಲ ಹತ್ತಿರ ಸಿಕ್ಕ ಮಗಳು, ಎಲ್ಲ ಕೇಳಿಸಿಕೊಂಡವಳು, ‘ಅಪ್ಪ’ ಎಂದಳು. ಅಷ್ಟೇ. ಆ ಒಂದು ಪದದಲ್ಲಿ ಅವಳು ನನ್ನನ್ನು ಇಡೀ ಜನ್ಮಕ್ಕೆ ಸಾಕಾಗುವಷ್ಟು ಬೈದಳು.

ಆಮೇಲೆ ಆ ಕಡೆಯಿಂದ ಫೋನೂ ಬರಲಿಲ್ಲ. ನಾನು ಪಾರ್ಕಿನಲ್ಲಿ ಮತ್ತೆ ಹಿಂದೆ ಹೋಗಿ ಕೂತೆ. ಎಣಿಸುವುದನ್ನು ಬೇರೆಯವರಿಗೆ ಬಿಟ್ಟೆ. ಅವರು ನನಗಿಂತ ಚೆನ್ನಾಗಿ ಎಣಿಸುತ್ತಾರೆ, ನಡುವೆ ಕಥೆ ಹೇಳುವುದಿಲ್ಲ.

ಒಂದು ಬೆಳಿಗ್ಗೆ ನೀರಿನಲ್ಲಿ ಕೆನ್ನೆ ಹೊರಳಿಸಿದಾಗ ಹೊರಗಿದ್ದ ಒಂದು ಕಣ್ಣಿಗೆ ದಂಡೆಯ ಮೇಲೊಂದು ಪ್ಲಾಸ್ಟಿಕ್ ಕುರ್ಚಿ ಕಂಡಿತು. ಕುರ್ಚಿಯಲ್ಲಿ ಪ್ಯಾಂಟು, ಪೂರ್ತಿ ತೋಳಿನ ಶರ್ಟು, ಕೈಯಲ್ಲಿ ಛತ್ರಿ. ಬೀಗರು. ನಾನು ಗಾಬರಿಯಲ್ಲಿ ನೀರು ಕುಡಿದು, ಕಾಲೂರಿ ನಿಂತೆ.

‘ಅದೇ ಕಾಲಾ?’ ಎಂದು ಛತ್ರಿಯ ತುದಿಯಿಂದ ತೋರಿಸಿದರು.

‘ಅದೇ.’

‘ನೋಡೋಕೆ ಬಂದೆ. ಮುಂದುವರಿಸಿ. ಎರಡೂ ಪಾದ ನನಗೆ ಕಾಣಿಸ್ತಾ ಇರಬೇಕು.’

ಮಗಳು ಅವರನ್ನು ಬಿಟ್ಟು ಹೋಗಿದ್ದಳಂತೆ. ಅಂದಿನಿಂದ ಅವರು ದಿನಾ ಬಂದು ಕೂತರು. ನಾನು ಗೋಡೆ ಮುಟ್ಟಿದರೆ ಹೊಗಳುತ್ತಿರಲಿಲ್ಲ. ಕಾಲಿಟ್ಟರೆ ಮಾತ್ರ ಛತ್ರಿಯಿಂದ ನೆಲಕ್ಕೆ ಟಕ್ ಎಂದು ಕುಟ್ಟುತ್ತಿದ್ದರು. ನೀರೊಳಗಿದ್ದರೂ ಆ ಟಕ್ ನನಗೆ ಕೇಳುತ್ತಿತ್ತು. ಒಂದು ದಿನ ಕಲಿಸುವವರು ಅವರ ಪಕ್ಕ ನಿಂತು, ‘ಅಂಕಲ್, ನನ್ನ ಸಂಬಳ ನಿಮಗೆ ಕೊಡಿಸ್ಲಾ?’ ಎಂದರು. ಬೀಗರು ನಕ್ಕರು. ಅವರು ಮುಳುಗಲಿದ್ದ ಆ ಶನಿವಾರದ ನಂತರ ಅವರು ನಗುವುದನ್ನು ನಾನು ನೋಡಿದ್ದು ಆಗಲೇ.

ಅದಾಗಿ ಕೆಲವು ದಿನಕ್ಕೆ ಕುರ್ಚಿ ಖಾಲಿ ಇತ್ತು. ಬರಲಿಲ್ಲವೇನೋ ಎಂದು ನಾನು ತಿರುಗಿದರೆ ಏಣಿಯ ಹತ್ತಿರ ಟೋಪಿ, ಚಡ್ಡಿ, ಎದೆಯ ಮೇಲೆ ಟವೆಲ್. ಕೈ ಕಂಬಿಯನ್ನು ಗಟ್ಟಿಯಾಗಿ ಹಿಡಿದಿತ್ತು. ನಾನು ಹತ್ತಿರ ಹೋದೆ. ‘ನೀವು ಮೊದಲು’ ಎಂದು ಬಾಯಿಗೆ ಬಂದದ್ದನ್ನು ನುಂಗಿಕೊಂಡೆ. ಅವರು ಒಂದೊಂದೇ ಮೆಟ್ಟಿಲು ಇಳಿದರು. ನೀರು ಎದೆಗೆ ಬಂದಾಗ ಮುಖ ಬಿಳಚಿತು. ಕಂಬಿ ಬಿಡಲಿಲ್ಲ.

‘ಮ್ ಅನ್ನಿ’ ಎಂದೆ. ‘ಮುಖ ಇಟ್ಟು ಮ್ ಅನ್ನಿ. ಭ್ರಾಮರಿ.’

ಅವರು ನನ್ನನ್ನೇ ನೋಡಿದರು. ‘ಇದು ಮೇಡಂ ಹೇಳಿದ್ದಾ, ನೀವು ಹೇಳ್ತಿರೋದಾ?’

‘ಗುನುಗಿ ಅಂದದ್ದು ಅವರು. ಭ್ರಾಮರಿ ನಂದು. ಕೇಳಿಕೊಂಡು ಬರ್ತೀನಿ ಇರಿ’ ಎಂದು ಆಚೆ ಮೂಲೆಗೆ ಹೋಗಿ ಮೇಡಮ್ಮನ್ನು ಕೇಳಿಕೊಂಡು ಬಂದೆ. ಸರಿ ಅಂದರು ಎಂದೆ. ಆಗ ಬೀಗರು ಮುಖ ಇಟ್ಟರು. ಗುಳ್ಳೆ ಬಂತು. ಮೊದಲಿಗಿಂತ ಸಣ್ಣದು, ನಡುಗುವಂಥದ್ದು, ಆದರೆ ಬಂತು.

ಎದ್ದು ಮುಖ ಒರೆಸಿಕೊಂಡು ಅವರು ಅಡ್ಡಕ್ಕೆ ಕೈ ತೋರಿಸಿದರು. ‘ನೀವು ಅಲ್ಲಿ ಹೋಗಿ ನಿಂತ್ಕೊಳ್ಳಿ. ಎರಡೂ ಕಾಲು ನೆಲದ ಮೇಲೆ. ಗಟ್ಟಿಯಾಗಿ. ನಾನು ಬರ್ತೀನಿ.’

ಹೋಗಿ ನಿಂತೆ. ಜೀವನದಲ್ಲಿ ನಾನು ಅಷ್ಟು ಗಮನವಿಟ್ಟು ಎಲ್ಲೂ ನಿಂತಿಲ್ಲ. ಅವರು ಕಂಬಿ ಬಿಟ್ಟರು. ಮುಖ ನೀರಿಗಿಟ್ಟರು. ಕೈ ಒಂದು ಬಂತು, ಇನ್ನೊಂದು ಬಂತು. ಕೆನ್ನೆ ಹೊರಳಿತು, ಬಾಯಿ ಗಾಳಿ ತೆಗೆದುಕೊಂಡಿತು. ನನ್ನ ಕಡೆಗೆ ಗುಳ್ಳೆಗಳ ದಾರಿಯೊಂದು ಸೊಟ್ಟಸೊಟ್ಟಗೆ ಬರತೊಡಗಿತು. ಕೊನೆಗೆ ಅವರ ಕೈ ನನ್ನ ಹೊಟ್ಟೆಗೆ ಬಡಿಯಿತು. ನಾನು ಅವರ ಭುಜ ಹಿಡಿದೆ. ಇಷ್ಟು ವರ್ಷಗಳಲ್ಲಿ ಕೈ ಮುಗಿದಿದ್ದೆವು, ಹಾರ ಹಾಕಿದ್ದೆವು, ಮೈ ಮುಟ್ಟಿರಲಿಲ್ಲ.

ಅವರು ಕಾಲೂರಿ ನಿಂತು ಈಜುವ ಕನ್ನಡಕದ ನೀರು ಒರೆಸಿ ಮತ್ತೆ ಹಾಕಿಕೊಂಡರು.

‘ಈಗ ನೀವು ಬನ್ನಿ. ನಾನು ನಿಲ್ತೀನಿ.’

ಆ ಕಡೆ ಹೋಗಿ ಗೋಡೆ ಒದ್ದು ಹೊರಟೆ. ಎರಡು ಕಾಲಿನಿಂದ. ಮ್ ಎನ್ನುತ್ತಾ, ಅಟ್ಟದಿಂದ ಡಬ್ಬಿಗಳನ್ನು ಒಂದೊಂದಾಗಿ ತೆಗೆಯುತ್ತಾ. ನೀಲಿ ಟೈಲ್ಸಿನ ಮೇಲೆ ಬೀಗರ ಎರಡು ಬಿಳಿ ಪಾದಗಳು ದೂರದಲ್ಲಿ ಕಂಡವು. ಹತ್ತಿರ ಬಂದವು. ಇನ್ನೇನು ಮುಟ್ಟಬೇಕು ಎನ್ನುವಾಗ ಆ ಬಲಗಾಲು, ನನ್ನನ್ನು ಕೇಳದೆ, ಹಳೆಯ ನೌಕರನ ಹಾಗೆ ತಾನೇ ಇಳಿದು ನೆಲದ ಮೇಲೆ ನಿಂತುಬಿಟ್ಟಿತು.

ತಲೆ ಎತ್ತಿದೆ. ನಮ್ಮಿಬ್ಬರ ನಡುವೆ ಒಂದು ಮೊಳ ನೀರಿತ್ತು. ಬೀಗರು ಕೆಳಗೆ ನನ್ನ ಕಾಲು ನೋಡಿದರು, ಮೇಲೆ ನನ್ನ ಮುಖ ನೋಡಿದರು.

‘ಅಭ್ಯಾಸ ಬೇಕು ಬೀಗರೇ’ ಎಂದರು.